ಹಿತ್ತಲಲ್ಲಿ ಸಿಕ್ಕ ಪುಡಿ

1969ರ ಮಾತು. ಗುಜರಾತ್ ಸರಕಾರದ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ನೌಕರಿಗಿದ್ದ ಕರ್ಸನ್‌ಭಾಯ್ ಪಟೇಲರು ಅಹಮದಾಬಾದಿನ ತಮ್ಮ ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಪುಡಿ ಕಲಸಲು ಕೂತರು. ಆಗ ಪುಡಿ ಅಂದರೆ ಸರ್ಫ್. ಯೂನಿಲಿವರ್‌ನ ಭಾರತದ ಕಂಪನಿಯಾದ ಹಿಂದೂಸ್ತಾನ್ ಲಿವರ್ 1959ರಲ್ಲಿ ತಂದ ಸರ್ಫ್ ಕಿಲೋಗೆ 13 ರೂಪಾಯಿಯ ಆಸುಪಾಸು ಇತ್ತು. ಅಷ್ಟು ದುಡ್ಡಿಲ್ಲದ ಮನೆಗಳಲ್ಲಿ ಬಾರ್ ಸೋಪು ಉಜ್ಜಿ, ಕಲ್ಲಿಗೆ ಬಡಿದು ಒಗೆಯುತ್ತಿದ್ದರು. ಕಂಪನಿ ಅವರನ್ನು ಪುಡಿಯ ಗಿರಾಕಿಗಳೆಂದು ಎಣಿಸಿರಲಿಲ್ಲ.

ಪಟೇಲರು ರಸಾಯನಶಾಸ್ತ್ರದ ಪದವೀಧರರು. ಪುಡಿಯ ಬೆಲೆ ಎಲ್ಲಿ ಏರುತ್ತದೆಂಬುದು ಅವರಿಗೆ ಕಾಣುತ್ತಿತ್ತು. ದೊಡ್ಡ ಕಾರ್ಖಾನೆಯಲ್ಲಿ ಮಾರ್ಜಕದ ಗಟ್ಟಿ ದ್ರಾವಣವನ್ನು ಎತ್ತರದ ಗೋಪುರದ ಮೇಲಿನಿಂದ ಸಿಂಪಡಿಸುತ್ತಾರೆ. ಬಿಸಿಗಾಳಿ ತಾಗಿ ಹನಿಗಳು ಒಣಗಿ, ಒಳಗೆ ಟೊಳ್ಳಾದ ಹಗುರ ಕಾಳುಗಳಾಗಿ ಕೆಳಗೆ ಬೀಳುತ್ತವೆ. ಅದಕ್ಕೆ ಗೋಪುರ ಬೇಕು, ಇಂಧನ ಬೇಕು, ಬಂಡವಾಳ ಬೇಕು. ಪಟೇಲರು ಗೋಪುರವನ್ನೇ ಕೈಬಿಟ್ಟರು. ಸೋಡಾ ಬೂದಿಗೆ ಆಸಿಡ್ ಸ್ಲರಿ ಎಂಬ ಮಾರ್ಜಕದ ಆಮ್ಲ ಬೆರೆಸಿದರೆ ಎರಡೂ ವರ್ತಿಸಿ ನೊರೆ ಉಕ್ಕುತ್ತದೆ, ಬಿಸಿಯೇರುತ್ತದೆ. ಆರಲು ಬಿಟ್ಟು, ಗಂಟು ಒಡೆದು, ಜರಡಿ ಹಿಡಿದರೆ ಪುಡಿ ಸಿದ್ಧ. ಯಂತ್ರವಿಲ್ಲ, ಕರೆಂಟಿಲ್ಲ. ಕರೆಂಟಿಲ್ಲದೆ ಕೈಯಿಂದ ಮಾಡಿದ ಮಾಲಿಗೆ ಎಕ್ಸೈಸ್ ಸುಂಕದ ಹೊರೆಯೂ ಇರಲಿಲ್ಲ. ನನ್ನ ಮಟ್ಟಿಗೆ ಈ ಆವಿಷ್ಕಾರದ ತಿರುಳು ಇಲ್ಲಿದೆ: ಅವರು ಗಿರಾಕಿ ಕೊಡಬಲ್ಲ ಬೆಲೆಯನ್ನು ಮೊದಲು ಗೊತ್ತು ಮಾಡಿಕೊಂಡು, ಆ ಬೆಲೆಗೆ ಒಗ್ಗುವ ವಿಧಾನವನ್ನು ಆಮೇಲೆ ಹುಡುಕಿದರು.

ಮಗಳು ನಿರುಪಮಾಳ ಹೆಸರಿನಿಂದ ಪುಡಿ ‘ನಿರ್ಮಾ’ ಆಯಿತು. ಸೈಕಲ್ಲಿನಲ್ಲಿ ಪೊಟ್ಟಣ ಹೇರಿಕೊಂಡು ಮನೆಮನೆಗೆ ಕಿಲೋಗೆ 3 ರೂಪಾಯಿಯಂತೆ ಮಾರಿದರು.

ಲಿವರ್ ಬಹುಕಾಲ ಇದನ್ನು ಎದುರಾಳಿಯೆಂದೇ ನೋಡಲಿಲ್ಲ. ಎಚ್ಚೆತ್ತಾಗ ಮೊದಲು ನೆಚ್ಚಿಕೊಂಡದ್ದು ಜಾಹೀರಾತನ್ನು. ದೂರದರ್ಶನದ ಜಾಹೀರಾತಿನ ಪಾತ್ರ ಲಲಿತಾಜಿ, ಸರ್ಫ್ ದುಬಾರಿಯಾದರೂ ಕೊಂಡರೆ ಲಾಭವೇ ಎಂದು ಗೃಹಿಣಿಯರಿಗೆ ಲೆಕ್ಕ ಹೇಳಿದಳು. ಜಾಹೀರಾತೇನೋ ಮನೆಮಾತಾಯಿತು, ಆದರೆ 1980ರ ದಶಕದ ನಡುವಿಗೆ ನಿರ್ಮಾ ಮಾರಾಟದ ತೂಕದಲ್ಲಿ ಸರ್ಫನ್ನು ಹಿಂದೆ ಹಾಕಿತ್ತು.

ಕೊನೆಗೆ ಲಿವರ್ ತನ್ನ ಲೆಕ್ಕವನ್ನೇ ತಿದ್ದಿಕೊಂಡಿತು. ನಿರ್ಮಾದ ಓಟ ತಡೆಯಲು ಹೂಡಿದ ಯೋಜನೆಗೆ ಕಂಪನಿಯೊಳಗೆ ‘ಸ್ಟಿಂಗ್’ ಎಂದು ಹೆಸರು. ನಿರ್ಮಾದಲ್ಲಿ ಒಂದು ಕೊರತೆ ನಿಜಕ್ಕೂ ಇತ್ತು: ಸೋಡಾ ಹೆಚ್ಚಾಗಿ, ಒಗೆಯುವವರ ಕೈ ಉರಿಯುತ್ತಿತ್ತು. ಅದನ್ನೇ ಹಿಡಿದು ಕೈಗೆ ಮೃದುವಾದ, ಅಗ್ಗದ ‘ವ್ಹೀಲ್’ ಪುಡಿ ದಶಕದ ಕೊನೆಯಲ್ಲಿ ಬಂತು. ತಯಾರಿಕೆಯನ್ನು ಹೊರಗಿನ ಸಣ್ಣ ಘಟಕಗಳಿಗೆ ವಹಿಸಿದರು, ಹಳ್ಳಿಯ ಸಣ್ಣ ಅಂಗಡಿಗಳವರೆಗೆ ಸರಬರಾಜು ಚಾಚಿದರು. ಈ ಮಾರುಕಟ್ಟೆ ಇದೆಯೆಂದು ಮೊದಲು ತೋರಿಸಿಕೊಟ್ಟವರು ಪಟೇಲರು. ಸೋತ ಮೇಲೆ ಕಲಿತ ಲಿವರ್‌ಗೂ ಅದರ ಪಾಲಿನ ಮೆಚ್ಚುಗೆ ಸಲ್ಲಬೇಕು. ಇಲ್ಲಿ ಕಲಿತ ಪಾಠವನ್ನು ಯೂನಿಲಿವರ್ 1990ರ ದಶಕದಲ್ಲಿ ಬ್ರೆಜಿಲ್‌ಗೂ ಒಯ್ದು, ಅಲ್ಲಿನ ಬಡವರಿಗಾಗಿ ‘ಅಲಾ’ ಎಂಬ ಪುಡಿ ತಂದಿತು.

ಇತ್ತ ನಿರ್ಮಾ ಕಂಪನಿ ಪುಡಿಯಿಂದ ಅದರ ಮೂಲವಸ್ತುವಿಗೇ ಕೈಹಾಕಿ ಗುಜರಾತಿನಲ್ಲಿ ಸೋಡಾ ಬೂದಿ ಕಾರ್ಖಾನೆ ಕಟ್ಟಿತು. 2007ರಲ್ಲಿ ಅದು ಕ್ಯಾಲಿಫೋರ್ನಿಯಾದ ಸೋಡಾ ಬೂದಿ ಕಂಪನಿ ಸರ್ಲ್ಸ್ ವ್ಯಾಲಿ ಮಿನರಲ್ಸ್ ಅನ್ನು ಕೊಂಡುಕೊಂಡಿತು.