ಹೂಮರಗಳ ಮನೆ

ಕೆಲವು ಮನೆಗಳು ಒಂದು ನಾಡಿನ ನೆನಪನ್ನೇ ಕಾಯುತ್ತವೆ. ಬೆಂಗಳೂರಿನ ರಾಜಾಜಿನಗರದ ‘ರುಮಾಲೆ ಹೌಸ್’ ಅಂತಹದೊಂದು ಮನೆ. ನಿಸರ್ಗ ಚಿತ್ರಕಾರ ರುಮಾಲೆ ಚನ್ನಬಸವಯ್ಯನವರ ಕೃತಿಗಳನ್ನು ಅಲ್ಲಿ ಜೋಪಾನವಾಗಿ ಇರಿಸಲಾಗಿದೆ.

1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಜನಿಸಿದ ರುಮಾಲೆಯವರು ತಾರುಣ್ಯದಲ್ಲಿಯೇ ಚಿತ್ರಕಲೆಯನ್ನು ಅಭ್ಯಸಿಸಿದರು. ಆದರೆ ಸ್ವಾತಂತ್ರ್ಯ ಹೋರಾಟದ ಕರೆಗೆ ಓಗೊಟ್ಟು ಕುಂಚವನ್ನು ಕೆಳಗಿರಿಸಿದರು. ಮುಂದೆ ‘ತಾಯಿನಾಡು’ ಪತ್ರಿಕೆಯ ಸಂಪಾದಕರಾದರು; ವಿಧಾನ ಪರಿಷತ್ತಿನ ಸದಸ್ಯರೂ ಆದರು. 1962ರಲ್ಲಿ, ಐವತ್ತು ದಾಟಿದ ಮೇಲೆ, ಮತ್ತೆ ಕುಂಚ ಹಿಡಿದವರು 1988ರಲ್ಲಿ ನಿಧನರಾಗುವವರೆಗೂ ಚಿತ್ರಕಲೆಯಲ್ಲಿಯೇ ಮುಳುಗಿದ್ದರು.

ಬೆಂಗಳೂರಿನ ಹೂಬಿಟ್ಟ ಮರಗಳು ಅವರಿಗೆ ಬಲು ಪ್ರಿಯವಾದ ವಸ್ತು. ಮಡಗಾಸ್ಕರಿನಿಂದ ಬಂದ ಗುಲ್‌ಮೊಹರ್, ದಕ್ಷಿಣ ಅಮೆರಿಕದಿಂದ ಬಂದ ಜಕರಂದಾ ಇವು ಆ ನಗರಕ್ಕೆ ಕೆಂಪನ್ನೂ ನೀಲಿಯನ್ನೂ ತಂದವು. ರುಮಾಲೆಯವರು ಮರದೆದುರೇ ಕುಳಿತು ಬರೆಯುತ್ತಿದ್ದರು. ಇದು ಸುಲಭವಲ್ಲ. ಜಲವರ್ಣದಲ್ಲಿ ಕಾಗದದ ಬಿಳುಪೇ ಬೆಳಕು. ಒಮ್ಮೆ ಹರಡಿದ ಬಣ್ಣವನ್ನು ಅಳಿಸುವುದು ಕಷ್ಟ. ಬಿಸಿಲಾದರೋ ಯಾರಿಗಾಗಿಯೂ ಕಾಯುವುದಿಲ್ಲ.

ಅದೇ ಬಿಸಿಲು ಚಿತ್ರಕ್ಕೆ ಶತ್ರುವೂ ಹೌದು. ಪ್ರಖರವಾದ ಬೆಳಕಿನಿಂದ ಬಣ್ಣ ಮಾಸುತ್ತದೆ. ತೇವದಿಂದ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಆದುದರಿಂದಲೇ ಇಂತಹ ಕೃತಿಗಳಿಗೆ ನೆರಳುಳ್ಳ, ಕಾಳಜಿಯುಳ್ಳ ಮನೆ ಬೇಕು.

ಹುಬ್ಬಳ್ಳಿ–ಧಾರವಾಡ ರಸ್ತೆ ಅಗಲವಾದಾಗ ಎಷ್ಟೋ ಮರಗಳು ಉರುಳಿದುದನ್ನು ಕಂಡ ನಮಗೆ ಈ ಮನೆಯ ಬೆಲೆ ತಿಳಿಯದಿರದು. ಕಡಿದ ಮರವನ್ನು ಚಿತ್ರವು ಮರಳಿ ನಿಲ್ಲಿಸಲಾರದು. ಆದರೆ ಅಲ್ಲೊಂದು ಮರವಿತ್ತು, ಅದು ಹೀಗೆ ಹೂಬಿಡುತ್ತಿತ್ತು ಎಂದು ಮುಂದಿನವರಿಗೆ ಸಾಕ್ಷಿ ನುಡಿಯಬಲ್ಲುದು. ಉಳಿದಿರುವ ಮರಗಳನ್ನು ಉಳಿಸಿಕೊಳ್ಳುವ ಹೊಣೆ ಮಾತ್ರ ನಮ್ಮದು.