ಇಳಿಜಾರು ನೆಲದ ಉಪಕರಣ ಕೊಠಡಿಯಲ್ಲಿ ಚಕ್ರವುಳ್ಳ ಕೆಲಸದ ಮೇಜನ್ನು ಮಟ್ಟಗೊಳಿಸುವ ವಿಧಾನ

ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯಂತಹ ರಾಗಿ ಹಾಗೂ ಹೈನುಗಾರಿಕೆಯ ಪ್ರದೇಶಗಳಲ್ಲಿ ಕುಡುಗೋಲು, ಮೇವು ಕತ್ತರಿಸುವ ಯಂತ್ರದ ಅಲಗು, ಸಿಂಪರಣಾ ಯಂತ್ರ ಮುಂತಾದವುಗಳ ಸಣ್ಣಪುಟ್ಟ ದುರಸ್ತಿಯನ್ನು ರೈತರು ಮನೆಯಲ್ಲಿಯೇ ಕೈಗೊಳ್ಳುವುದುಂಟು. ಅದೇ ಕೊಠಡಿಯಲ್ಲಿ ಟ್ರ್ಯಾಕ್ಟರ್, ಮೇವು, ಗೊಬ್ಬರದ ಚೀಲಗಳಿಗೂ ಸ್ಥಳ ಬೇಕಾಗುವುದರಿಂದ ಚಕ್ರವುಳ್ಳ ಕಬ್ಬಿಣದ ಮೇಜು ಅನುಕೂಲಕರ. ಆದರೆ ಸಾಣೆ ಯಂತ್ರಕ್ಕೆ ಅಲಗನ್ನು ಒತ್ತಿ ಹಿಡಿದಾಗ ಮೇಜು ವಾಲಿದರೆ ಅಥವಾ ಸರಿದರೆ ಬೆರಳುಗಳಿಗೆ ತೀವ್ರ ಗಾಯವಾಗುವ ಸಂಭವವಿದೆ.

ನೆಲವನ್ನಲ್ಲ, ಮೇಜನ್ನು ಸರಿಪಡಿಸಿ

ತೊಳೆದ ನೀರು ಹರಿದುಹೋಗಲೆಂದು ನೆಲಕ್ಕೆ ಬಾಗಿಲಿನ ಕಡೆಗೆ ಇಳಿಜಾರು ಕೊಡುವುದು ವಾಡಿಕೆ, ಅದು ದೋಷವಲ್ಲ. 100ಕ್ಕೆ 1ರ ಇಳಿಜಾರಿನಲ್ಲಿ 1.5 ಮೀಟರ್ ಉದ್ದದ ಮೇಜಿನ ಒಂದು ತುದಿ 15 ಮಿ.ಮೀ. ತಗ್ಗಿರುತ್ತದೆ. ಕಲ್ಲು ಚಪ್ಪಡಿಯ ನೆಲದಲ್ಲಿ ಏರುಪೇರು ಇನ್ನೂ ಹೆಚ್ಚಿರಬಹುದು. ಕಾಲಿನಡಿ ಹೆಂಚಿನ ಚೂರು, ಮರದ ತುಂಡು ಇಡುವುದು ಸುರಕ್ಷಿತವಲ್ಲ. ಕಂಪನಕ್ಕೆ ಅವು ಜಾರುತ್ತವೆ. ಚಕ್ರಗಳು ಸಾಗಿಸಲು ಮಾತ್ರ. ಕೆಲಸದ ವೇಳೆ ಭಾರವನ್ನು ಕಾಲುಗಳೇ ಹೊರಬೇಕು.

ಬೋಲ್ಟಿನ ಪಾದಗಳು

ಪ್ರತಿ ಟೊಳ್ಳು ಕಾಲಿನ ತಳಕ್ಕೆ 16 ಮಿ.ಮೀ. ನಟ್ ಒಂದನ್ನು ಬೆಸುಗೆ ಹಾಕಿಸಿ, ಪೂರ್ತಿ ಮರೆಯುಳ್ಳ 100 ಮಿ.ಮೀ. ಉದ್ದದ ಬೋಲ್ಟನ್ನು ತಲೆ ಕೆಳಗಾಗುವಂತೆ ತಿರುಗಿಸಬೇಕು. ಬೋಲ್ಟಿನ ತಲೆ ಮತ್ತು ಬೆಸೆದ ನಟ್ಟಿನ ನಡುವೆ ಮತ್ತೊಂದು ಬಿಗಿ ನಟ್ ಇರಲಿ. ಪೂರ್ಣ ಒಳಸರಿಸಿದಾಗ ಬೋಲ್ಟ್ ನೆಲಕ್ಕೆ ತಗಲದೆ ಮೇಜು ಚಕ್ರಗಳ ಮೇಲೆ ಉರುಳುವಂತೆ ಚಕ್ರಗಳನ್ನು ಜೋಡಿಸಿರಬೇಕು. ಈ ಅಳತೆಯ ಸಾಮಾನ್ಯ ಬೋಲ್ಟ್ ಒಂದು ಸುತ್ತಿಗೆ 2 ಮಿ.ಮೀ. ಸರಿಯುತ್ತದೆ, ಅಂದರೆ 15 ಮಿ.ಮೀ. ವ್ಯತ್ಯಾಸಕ್ಕೆ ಏಳೂವರೆ ಸುತ್ತು. ಮಣ್ಣಿನ ನೆಲವಾದರೆ ಪ್ರತಿ ಪಾದದ ಕೆಳಗೆ ಚಪ್ಪಟೆ ಕಲ್ಲನ್ನು ಹೂಳಬೇಕು.

ಮಟ್ಟ ನೋಡುವುದು

ನೀರು ತುಂಬಿದ ಪಾರದರ್ಶಕ ಕೊಳವೆ ಸಾಕು. ಒಳಗೆ ಗಾಳಿಗುಳ್ಳೆ ಇರಬಾರದು, ಎರಡೂ ತುದಿ ತೆರೆದಿರಬೇಕು. ಒಂದು ತುದಿಯನ್ನು ಗೋಡೆಗೆ ಕಟ್ಟಿ ನೀರಿನ ಮಟ್ಟಕ್ಕೆ ಗುರುತು ಹಾಕಿ. ಇನ್ನೊಂದು ತುದಿಯನ್ನು ಪ್ರತಿ ಕಾಲಿನ ಜಾಗಕ್ಕೆ ಒಯ್ದು, ಗೋಡೆಯ ಬದಿಯ ನೀರು ಗುರುತಿಗೇ ನಿಲ್ಲುವಂತೆ ಏರಿಳಿಸಿ, ಕೈಯಲ್ಲಿರುವ ತುದಿಯ ನೀರಿನಿಂದ ನೆಲದವರೆಗೆ ಅಳೆಯಿರಿ. ಅಳತೆ ಅತಿ ಕಡಿಮೆ ಇರುವಲ್ಲಿ ನೆಲ ಅತಿ ಎತ್ತರವಾಗಿದೆ.

ಹೊಂದಿಸುವ ಕ್ರಮ

1. ಎತ್ತರದ ಜಾಗದ ಬೋಲ್ಟನ್ನು ಅಲ್ಲಿನ ಚಕ್ರ ನೆಲದಿಂದ ಸುಮಾರು 5 ಮಿ.ಮೀ. ಮೇಲೇಳುವಷ್ಟು ಇಳಿಸಿ.
2. ಇನ್ನೆರಡು ಕಾಲುಗಳ ಬೋಲ್ಟ್‌ಗಳನ್ನು ಅಳತೆಯ ವ್ಯತ್ಯಾಸದಷ್ಟು ಹೆಚ್ಚು ಇಳಿಸಿ, ರಸಮಟ್ಟವನ್ನು ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿ.
3. ಮೂರು ಕಾಲು ಎಂತಹ ನೆಲದಲ್ಲಿಯೂ ಊರಿ ನಿಲ್ಲುತ್ತವೆ. ಅಲುಗಾಟ ಹುಟ್ಟುವುದು ನಾಲ್ಕನೆಯದರಿಂದ. ಆದ್ದರಿಂದ ಅದನ್ನು ಕೊನೆಗೆ ಕೈಯಿಂದ ತಿರುಗಿಸಿ, ನೆಲ ಮುಟ್ಟಿದ ಮೇಲೆ ಕಾಲು ಸುತ್ತು ಮಾತ್ರ ಬಿಗಿಗೊಳಿಸಿ.
4. ನಾಲ್ಕು ಮೂಲೆಗಳನ್ನೂ ಒಂದೊಂದಾಗಿ ಒತ್ತಿ ನೋಡಿ, ಅಲುಗಾಟವಿಲ್ಲವೆಂದು ಖಚಿತವಾದ ಬಳಿಕ ಬಿಗಿ ನಟ್‌ಗಳನ್ನು ಮೇಲಕ್ಕೆ ಭದ್ರಪಡಿಸಿ.

ಪಾದಗಳ ಜಾಗವನ್ನು ನೆಲದ ಮೇಲೆ ಬಣ್ಣದಿಂದ ಗುರುತಿಸಿ, ಬೋಲ್ಟನ್ನು ಪೂರ್ಣ ಒಳಸರಿಸಿದ ಸ್ಥಿತಿಯಿಂದ ಎಷ್ಟು ಸುತ್ತು ಇಳಿಸಬೇಕೆಂಬುದನ್ನು ಆಯಾ ಕಾಲಿನ ಮೇಲೆಯೇ ಬರೆದಿಟ್ಟರೆ, ಮೇಜನ್ನು ಸರಿಸಿ ಮರಳಿ ತಂದಾಗ ಮತ್ತೆ ಅಳೆಯುವ ಅಗತ್ಯ ಬೀಳದು.

ಗಮನಿಸಬೇಕಾದ ಅಂಶಗಳು

ಅಲುಗಾಟ ನಿಂತ ಮಾತ್ರಕ್ಕೆ ಮೇಜು ಮಟ್ಟವಾಯಿತೆಂದಲ್ಲ. ಸಾಣೆ ಹಿಡಿಯಲು ಭದ್ರತೆ ಮುಖ್ಯ. ತೂಕ ಮಾಡಲು ಹಾಗೂ ನಾಲ್ಕು ಸ್ಟ್ರೋಕ್ ಎಂಜಿನ್ನಿನ ಎಣ್ಣೆಯ ಪ್ರಮಾಣ ನೋಡಲು ಮಟ್ಟವೂ ಅವಶ್ಯ. ಎಂಜಿನ್ ವಾಲಿದ್ದರೆ ಎಣ್ಣೆ ಇರುವುದಕ್ಕಿಂತ ಹೆಚ್ಚಾಗಿ ಅಥವಾ ಕಡಿಮೆಯಾಗಿ ಕಾಣುತ್ತದೆ. ಬೋಲ್ಟ್‌ಗಳನ್ನು ಹೊಂದಿಸುವಾಗ ವಿದ್ಯುತ್ ಸಂಪರ್ಕ ತಪ್ಪಿಸಿ, ಭಾರದ ವಸ್ತುಗಳನ್ನು ಕೆಳಗಿಳಿಸಬೇಕು. ಮರೆಗೆ ಆಗಾಗ ಗ್ರೀಸ್ ಹಚ್ಚಬೇಕು.

ವಿಸ್ತರಣಾ ಕಾರ್ಯಕರ್ತರು ಗ್ರಾಮಮಟ್ಟದ ಯಂತ್ರೋಪಕರಣ ಪ್ರಾತ್ಯಕ್ಷಿಕೆಗಳಲ್ಲಿ ನೀರಿನ ಕೊಳವೆಯ ವಿಧಾನವನ್ನು ರೈತರಿಂದಲೇ ಮಾಡಿಸಿ ತೋರಿಸುವುದು ಸೂಕ್ತ. ಹೆಚ್ಚಿನ ಮಾಹಿತಿಗೆ ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.