ಹಾರ್ಡ್ ಡಿಸ್ಕ್ ಮುಟ್ಟದೆ ಲಿನಕ್ಸ್ ನೋಡಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಕೂಡ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿರಬೇಕು. ಕೀಬೋರ್ಡು, ಪರದೆ ಎಲ್ಲ ಗಟ್ಟಿಮುಟ್ಟಾಗಿದ್ದರೂ ಮೂಲೆ ಸೇರುತ್ತಿರುವ ಲ್ಯಾಪ್‌ಟಾಪ್‌ಗಳು ಹಲವು ಮನೆಗಳಲ್ಲಿವೆ. ಅಂಥವುಗಳಲ್ಲಿ ಹೆಚ್ಚಿನವು ಉಚಿತ ಲಿನಕ್ಸ್‌ನಲ್ಲಿ ಇನ್ನೂ ಕೆಲವು ವರ್ಷ ಚೆನ್ನಾಗಿ ದುಡಿಯಬಲ್ಲವು. ಆದರೆ ‘ಇದ್ದಬದ್ದ ಫೋಟೊ, ಲೆಕ್ಕಪತ್ರ ಎಲ್ಲ ಅಳಿಸಿಹೋದರೆ?’ ಎಂಬ ಅಳುಕು ಕೈ ಹಿಡಿದು ನಿಲ್ಲಿಸುತ್ತದೆ. ಆ ಅಳುಕು ಸರಿಯಾದದ್ದೇ. ಇನ್‌ಸ್ಟಾಲ್ ಮಾಡದೆಯೇ ಲಿನಕ್ಸನ್ನು ಪೂರ್ತಿಯಾಗಿ ಓಡಿಸಿ ನೋಡಬಹುದು ಎಂಬುದು ಮಾತ್ರ ಬಹಳ ಜನಕ್ಕೆ ತಿಳಿದಿಲ್ಲ.

ಈ ‘ಲೈವ್’ ವಿಧಾನವನ್ನು ಜನಪ್ರಿಯಗೊಳಿಸಿದ್ದು ಜರ್ಮನಿಯ ಕ್ಲೌಸ್ ಕ್ನಾಪರ್ 2000ದಲ್ಲಿ ಹೊರತಂದ ಕ್ನಾಪಿಕ್ಸ್. ಸುಮಾರು 2 ಜಿಬಿಯಷ್ಟು ತಂತ್ರಾಂಶವನ್ನು ಹಿಂಡಿ 700 ಎಂಬಿಯ ಒಂದೇ ಸಿಡಿಯಲ್ಲಿ ತುಂಬಿದ್ದರು. ಇಂದು ಸಿಡಿಯ ಜಾಗದಲ್ಲಿ ಪೆನ್‌ಡ್ರೈವ್ ಬಂದಿದೆ, ಒಳಗಿನ ಜಾಣ್ಮೆ ಹೆಚ್ಚುಕಡಿಮೆ ಅದೇ.

ಆ ಜಾಣ್ಮೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಂಪ್ಯೂಟರ್ ಆನ್ ಆಗುತ್ತಿರುವಾಗ ಎಫ್12 ಅಥವಾ ಎಫ್9 ಒತ್ತಿದರೆ (ಕಂಪನಿಯಿಂದ ಕಂಪನಿಗೆ ಬೇರೆ) ಯಾವುದರಿಂದ ಬೂಟ್ ಆಗಬೇಕೆಂಬ ಪಟ್ಟಿ ಬರುತ್ತದೆ. ಪೆನ್‌ಡ್ರೈವ್ ಆರಿಸಿದಿರೋ, ಹಾರ್ಡ್ ಡಿಸ್ಕ್‌ನಲ್ಲಿರುವ ವಿಂಡೋಸ್ ಏಳುವುದೇ ಇಲ್ಲ. ಪೆನ್‌ಡ್ರೈವ್‌ನಲ್ಲಿರುವ ಲಿನಕ್ಸ್ ‘ಓದಲು ಮಾತ್ರ’ ಆಗುವಂತೆ ಅಡಕಗೊಂಡಿರುತ್ತದೆ. ಆದರೆ ಏನನ್ನೂ ಬರೆಯದೆ ಯಾವ ಆಪರೇಟಿಂಗ್ ಸಿಸ್ಟಮ್ಮೂ ನಡೆಯದು. ವೈಫೈ ಪಾಸ್‌ವರ್ಡ್, ಬ್ರೌಸರ್‌ನ ತಾತ್ಕಾಲಿಕ ಕಡತಗಳು ಎಲ್ಲಾದರೂ ಇರಲೇಬೇಕು. ಅದಕ್ಕಾಗಿ ಅಡಕವಾದ ವ್ಯವಸ್ಥೆಯ ಮೇಲೆ ರ‍್ಯಾಮ್‌ನಲ್ಲಿ ಇನ್ನೊಂದು ಪದರ ಹಾಸಲಾಗುತ್ತದೆ. ಅಚ್ಚಾದ ಪುಟದ ಮೇಲೆ ಪಾರದರ್ಶಕ ಹಾಳೆ ಇಟ್ಟು ಬರೆದ ಹಾಗೆ. ಕಡತವೊಂದನ್ನು ತಿದ್ದಿದರೆ ಅದರ ಪ್ರತಿ ಮೇಲಿನ ಪದರಕ್ಕೆ ಬಂದು ಅಲ್ಲಿ ಬದಲಾಗುತ್ತದೆ. ಅಳಿಸಿದರೆ ‘ಇದನ್ನು ತೋರಿಸಬೇಡ’ ಎಂಬ ಗುರುತಷ್ಟೇ ಮೇಲೆ ಬೀಳುತ್ತದೆ. ಮೂಲ ಕೆಳಗೆ ಹಾಗೆಯೇ ಇರುತ್ತದೆ. ಕಂಪ್ಯೂಟರ್ ಆಫ್ ಮಾಡಿದಾಗ ರ‍್ಯಾಮ್ ಖಾಲಿಯಾಗಿ ಆ ಪದರವೇ ಹೋಗುತ್ತದೆ. ಎಷ್ಟು ಕೆಡಿಸಿದರೂ ಮತ್ತೆ ಶುರು ಮಾಡಿದಾಗ ಹೊಚ್ಚ ಹೊಸದು. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಇನ್ನೇನು ಬೇಕು!

ಅಪಾಯ ಇರುವುದು ಬೇರೆಡೆ. ಡೆಸ್ಕ್‌ಟಾಪ್ ಮೇಲೇ ‘ಇನ್‌ಸ್ಟಾಲ್’ ಐಕಾನ್ ಇರುತ್ತದೆ. ನೋಡುವಷ್ಟು ದಿನ ಅದರ ತಂಟೆಗೆ ಹೋಗಬೇಡಿ. ಫೈಲ್ ಮ್ಯಾನೇಜರ್‌ನಲ್ಲಿ ನಿಮ್ಮ ವಿಂಡೋಸ್ ಡ್ರೈವ್ ಕೂಡ ಕಾಣಿಸಬಹುದು, ಅದನ್ನು ತೆರೆದು ಅಲ್ಲಿ ಅಳಿಸಿದ್ದು ನಿಜವಾಗಿಯೇ ಅಳಿಯುತ್ತದೆ. ಲೈವ್ ಪೆನ್‌ಡ್ರೈವ್ ತಯಾರಿಸುವಾಗ ಅದರಲ್ಲಿ ಮೊದಲಿದ್ದ ಕಡತಗಳು ಉಳಿಯುವುದಿಲ್ಲ. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಹಾಕಿದ ಲ್ಯಾಪ್‌ಟಾಪ್ ಆಗಿದ್ದರೆ, ಬೂಟ್ ಸೆಟ್ಟಿಂಗ್ ಬದಲಿಸಿದ ಮೇಲೆ ವಿಂಡೋಸ್ 48 ಅಂಕಿಗಳ ಕೀಲಿ ಕೇಳಬಹುದು. ಅದನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಪೆನ್‌ಡ್ರೈವ್‌ಗೆ ಹಾಕಲು ಡೌನ್‌ಲೋಡ್ ಮಾಡಿದ ಲಿನಕ್ಸ್ ಕಡತ ಅಸಲಿಯೇ ಎಂದು ನೋಡುವುದೂ ಅಷ್ಟೇ ಮುಖ್ಯ. 2016ರ ಫೆಬ್ರುವರಿಯಲ್ಲಿ ದುಷ್ಕರ್ಮಿಗಳು ಲಿನಕ್ಸ್‌ನ ಒಂದು ರೂಪವಾದ ಲಿನಕ್ಸ್ ಮಿಂಟ್‌ನ ಜಾಲತಾಣಕ್ಕೆ ನುಗ್ಗಿ, ಹಿಂಬಾಗಿಲು ಇಟ್ಟ ನಕಲಿ ಪ್ರತಿಗೆ ಕೊಂಡಿ ಹಾಕಿದ್ದರು. ಇಂಥದ್ದನ್ನು ಹಿಡಿಯಲು ಎಸ್‌ಎಚ್‌ಎ-256 ಎಂಬ ಗಣಿತವಿದೆ. ಕಡತ ಎಷ್ಟೇ ದೊಡ್ಡದಿರಲಿ, ಅದರಿಂದ 64 ಅಕ್ಷರಾಂಕಿಗಳ ಒಂದು ಸಾಲು ಹುಟ್ಟುತ್ತದೆ. ಒಳಗೆ ಒಂದೇ ಬಿಟ್ ಬದಲಾದರೂ ಸಾಲು ಗುರುತೇ ಸಿಗದಷ್ಟು ಬೇರೆಯಾಗುತ್ತದೆ. ಪ್ರಕಟಿಸಿದ ಸಾಲಿಗೂ ನಿಮ್ಮ ಸಾಲಿಗೂ ತಾಳೆ ನೋಡಿ. ತಾಣವೇ ಕಳ್ಳರ ಕೈಗೆ ಸಿಕ್ಕರೆ ಸಾಲನ್ನೂ ಬದಲಿಸಬಹುದಲ್ಲ? ಅದಕ್ಕೇ ತಯಾರಕರ ಡಿಜಿಟಲ್ ಸಹಿಯನ್ನೂ ಪರಿಶೀಲಿಸುವ ವ್ಯವಸ್ಥೆಯಿದೆ.

ನನ್ನನ್ನು ಕೇಳಿದರೆ, ಆಪರೇಟಿಂಗ್ ಸಿಸ್ಟಮ್‌ಗಿಂತ ಮೊದಲು ತಂತ್ರಾಂಶ ಬದಲಿಸಿ ನೋಡುವುದು ಒಳ್ಳೆಯದು. ಲಿಬ್ರೆಆಫೀಸ್, ಫೈರ್‌ಫಾಕ್ಸ್, ವಿಎಲ್‌ಸಿ, ಗಿಂಪ್ ಎಲ್ಲವೂ ವಿಂಡೋಸ್‌ನಲ್ಲೂ ಓಡುತ್ತವೆ. ಕೆಲವು ವಾರ ಅವುಗಳಲ್ಲೇ ಕೆಲಸ ಮಾಡಿ ಕೈ ಪಳಗಿದರೆ ಲಿನಕ್ಸ್‌ಗೆ ಹೋದ ದಿನ ಪರಿಚಿತರೇ ಎದುರಾಗುತ್ತಾರೆ. ಟ್ಯಾಲಿಯಂಥ ವಿಂಡೋಸ್ ತಂತ್ರಾಂಶವನ್ನೇ ನೆಚ್ಚಿದ ಅಂಗಡಿಯವರು ಅವಸರಪಡಬಾರದು.

ಕನ್ನಡಿಗರು ಲೈವ್ ಪೆನ್‌ಡ್ರೈವ್‌ನಲ್ಲಿ ವಿಶೇಷವಾಗಿ ಪರೀಕ್ಷಿಸಬೇಕಾದದ್ದು ತಮ್ಮ ಹಳೆಯ ಕಡತಗಳನ್ನು. ಯುನಿಕೋಡ್ ಕನ್ನಡವನ್ನು ಲಿನಕ್ಸ್ ಚೆನ್ನಾಗಿ ತೋರಿಸುತ್ತದೆ, ನುಡಿ ಬಳಸುವವರಿಗೆ ರೂಢಿಯಾದ ಕೆಜಿಪಿ ಕೀಲಿಮಣೆ ವಿನ್ಯಾಸವೂ ಸಿಗುತ್ತದೆ. ಆದರೆ ಯುನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚಾದ ಪತ್ರ, ಪುಸ್ತಕದ ಕರಡುಗಳು ಆ ಫಾಂಟು ಇಲ್ಲದ ಕಡೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಇದು ಲಿನಕ್ಸ್‌ನ ತಪ್ಪಲ್ಲ, ಆ ಫಾಂಟುಗಳ ಹಳೆಯ ಸಂಕೇತ ಪದ್ಧತಿಯದು. ಒಂದೆರಡು ಕಡತಗಳ ಪ್ರತಿಯನ್ನು ಬೇರೊಂದು ಪೆನ್‌ಡ್ರೈವ್‌ಗೆ ಹಾಕಿಕೊಂಡು ಲೈವ್ ಲಿನಕ್ಸ್‌ನಲ್ಲಿ ತೆರೆಯಿರಿ. ಅಕ್ಷರ ಕೆಟ್ಟು ಕಂಡರೆ, ವಿಂಡೋಸ್ ಇನ್ನೂ ಓಡುತ್ತಿರುವಾಗಲೇ ಪರಿವರ್ತಕದ ಮೂಲಕ ಎಲ್ಲವನ್ನೂ ಯುನಿಕೋಡ್‌ಗೆ ತನ್ನಿ, ಒತ್ತಕ್ಷರಗಳು ಸರಿಬಂದಿವೆಯೇ ಎಂದು ಕಣ್ಣಾಡಿಸಿ, ಆಮೇಲೆ ಬ್ಯಾಕಪ್ ಮಾಡಿಟ್ಟುಕೊಂಡು ಇನ್‌ಸ್ಟಾಲ್ ಐಕಾನ್ ಒತ್ತಿ.